ಗರ್ಭಕೋಶ ಜಾರಿದರೆ ಏನು ಮಾಡಬೇಕು: ಮನೆಯ ಆರೈಕೆಯಿಂದ ಆಪರೇಷನ್‌ವರೆಗೆ ಹಂತ ಹಂತದ ಮಾರ್ಗದರ್ಶಿ

ಗರ್ಭಕೋಶ ಜಾರಿದ ಹೆಂಗಸರಲ್ಲಿ ಬಹಳಷ್ಟು ಜನ ಮುಟ್ಟು ನಿಂತ ವಯಸ್ಸಿನವರು. ಇಂಥದ್ದನ್ನು ಅವರು ಮೊಬೈಲಿನಲ್ಲಿ ಹುಡುಕಿ ಓದುವುದು ಕಡಿಮೆ. ಹಾಗಾಗಿ ಇದನ್ನು ಓದುತ್ತಿರುವ ನೀವು ಮಗಳೋ ಸೊಸೆಯೋ ಇರಬಹುದು. ಇಲ್ಲವೇ ಹೆರಿಗೆಯಾಗಿ ಕೆಲವು ತಿಂಗಳಾಗಿ, ಕೆಳಗೆ ಏನೋ ಸರಿಯಿಲ್ಲ ಎಂದು ಗಾಬರಿಯಾದವರಿರಬಹುದು. ಇಬ್ಬರಿಗೂ ಮೊದಲು ಹೇಳಬೇಕಾದ್ದು ಒಂದೇ. ಇದು ಕ್ಯಾನ್ಸರ್ ಅಲ್ಲ. ಸಾಮಾನ್ಯವಾಗಿ ಪ್ರಾಣಕ್ಕೆ ಕುತ್ತಲ್ಲ. ಯೋಚಿಸಿ ತೀರ್ಮಾನ ಮಾಡಲು ಸಮಯವಿದೆ. ನಮ್ಮಲ್ಲಿ ಈ ಸಮಯವೇ ಹಾಳಾಗುವುದು. ವರ್ಷಗಟ್ಟಲೆ ಬಾಯಿಬಿಡದೆ ಸಹಿಸಿಕೊಂಡಿರುತ್ತಾರೆ, ಬಾಯಿಬಿಟ್ಟ ಮರುವಾರವೇ ಗರ್ಭಕೋಶ ತೆಗೆಸಿಕೊಂಡು ಮನೆಗೆ ಬಂದಿರುತ್ತಾರೆ. ಇವೆರಡರ ನಡುವೆ ಮಾಡಬಹುದಾದ ಕೆಲಸ ಬೇಕಾದಷ್ಟಿದೆ.

ಜಾರಿದ್ದು ಏನು, ಏಕೆ

ಸೊಂಟದ ಮೂಳೆಗಳ ನಡುವೆ, ಮುಂದಿನಿಂದ ಹಿಂದಕ್ಕೆ, ಸ್ನಾಯುಗಳು ಜೋಲಿಯ ಹಾಗೆ ಹಬ್ಬಿಕೊಂಡಿರುತ್ತವೆ. ಮೂತ್ರಕೋಶ, ಗರ್ಭಕೋಶ, ಗುದನಾಳ ಮೂರಕ್ಕೂ ಕೆಳಗಿನ ಆಸರೆ ಅದೇ. ಮೇಲಿನಿಂದ ಗಟ್ಟಿ ತಂತುಗಳು ಎಳೆದು ಹಿಡಿದಿರುತ್ತವೆ. ಸಹಜ ಹೆರಿಗೆಯಲ್ಲಿ ಈ ಆಸರೆ ಬಹಳ ಹಿಗ್ಗುತ್ತದೆ, ಕೆಲವರಲ್ಲಿ ಹರಿಯುತ್ತದೆ. ದಪ್ಪ ಮಗು, ಫೋರ್ಸೆಪ್ಸ್ ಹಾಕಿದ ಹೆರಿಗೆ, ಮೇಲಿಂದ ಮೇಲೆ ಹೆರಿಗೆಗಳಾದರೆ ಇನ್ನೂ ಹೆಚ್ಚು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇಳಿದು ಅಂಗಾಂಶ ತೆಳುವಾಗುತ್ತದೆ. ಅದರ ಮೇಲೆ ಹಳೆಯ ಕೆಮ್ಮು, ಮಲಬದ್ಧತೆ, ಮೈತೂಕ, ಜೀವಮಾನವಿಡೀ ಹೊತ್ತ ಬಿಂದಿಗೆ, ಸೌದೆ ಹೊರೆ, ಹುಲ್ಲಿನ ಹೊರೆ. ಹುಟ್ಟಿನಿಂದಲೇ ತಂತುಗಳು ಸಡಿಲವಿರುವವರಿಗೆ ಹೆರಿಗೆಯೇ ಆಗದೆಯೂ ಜಾರಬಹುದು. ಸಿಸೇರಿಯನ್ ಆದವರಲ್ಲಿ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಜಾರುವುದು ಗರ್ಭಕೋಶವೇ ಆಗಬೇಕೆಂದಿಲ್ಲ. ಯೋನಿಯ ಮುಂಗೋಡೆ ಸಡಿಲವಾದರೆ ಮೂತ್ರಕೋಶ ಉಬ್ಬಿ ಇಳಿಯುತ್ತದೆ. ಇದಕ್ಕೆ ಸಿಸ್ಟೋಸೀಲ್ ಎನ್ನುತ್ತಾರೆ. ಹಿಂಗೋಡೆ ಸಡಿಲವಾದರೆ ಗುದನಾಳ ಉಬ್ಬುತ್ತದೆ, ಅದು ರೆಕ್ಟೋಸೀಲ್. ಗರ್ಭಕೋಶ ತೆಗೆಸಿಕೊಂಡವರಲ್ಲಿ ಯೋನಿಯ ಮೇಲ್ತುದಿಯೇ ಕೆಳಗೆ ಬರಬಹುದು. ಹಲವರಲ್ಲಿ ಎರಡು ಮೂರು ಒಟ್ಟಿಗೇ ಇರುತ್ತವೆ. ಇಷ್ಟನ್ನು ತಿಳಿದುಕೊಂಡರೆ ಮುಂದಿನ ಮಾತು ಸುಲಭ: ತಪ್ಪು ಗರ್ಭಕೋಶದ್ದಲ್ಲ, ಆಸರೆ ಸೋತಿದೆ. ಆಸರೆಯನ್ನು ಗಟ್ಟಿ ಮಾಡದೆ ಗರ್ಭಕೋಶವನ್ನಷ್ಟೇ ತೆಗೆದರೆ ಕೆಲಸ ಅರ್ಧವಾದಂತೆ.

ಹಂತ 1: ಗುರುತು ಹಿಡಿಯಿರಿ

ಬೆಳಿಗ್ಗೆ ಏಳುವಾಗ ಏನೂ ಇರುವುದಿಲ್ಲ. ಕೆಲಸ ಮಾಡಿ, ನಿಂತು, ಸಂಜೆಯಾಗುತ್ತಿದ್ದಂತೆ ಕೆಳಹೊಟ್ಟೆ ಜಗ್ಗಿದ ಹಾಗೆ, ಕೆಳಗೆ ಭಾರ ಇಳಿದ ಹಾಗೆ. ಮಲಗಿದರೆ ಆರಾಮ. ದಿನದ ಈ ಏರಿಳಿತವೇ ದೊಡ್ಡ ಸುಳಿವು. ಸ್ನಾನ ಮಾಡುವಾಗ ಕೈಗೆ ಮೆತ್ತಗಿನ ಉಬ್ಬು ಸಿಗಬಹುದು. ಒಂದಕ್ಕೆ ಹೋಗಿ ಬಂದರೂ ಇನ್ನೂ ಉಳಿದಿದೆ ಅನ್ನಿಸುವುದು, ಕೆಮ್ಮಿದರೆ ಸೀನಿದರೆ ಮೂತ್ರ ಸೋರುವುದು, ಮಲ ಸಲೀಸಾಗಿ ಬಾರದೆ ಯೋನಿಯ ಒಳಗೆ ಅಥವಾ ಪಕ್ಕದಲ್ಲಿ ಬೆರಳು ಒತ್ತಿದರೆ ಮಾತ್ರ ಬರುವುದು, ಸಂಭೋಗದಲ್ಲಿ ಕಿರಿಕಿರಿ ಇವೆಲ್ಲ ಇದರದೇ ಲಕ್ಷಣಗಳು. ಬೆರಳು ಒತ್ತಬೇಕಾಗುತ್ತದೆ ಎಂಬ ಮಾತನ್ನು ಹೆಂಗಸರು ಡಾಕ್ಟರ ಮುಂದೆಯೂ ಹೇಳುವುದಿಲ್ಲ. ಹೇಳಲೇಬೇಕು, ಹಿಂಗೋಡೆ ಸಡಿಲವಾಗಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸುಳಿವಿಲ್ಲ.

ಸಂಜೆ ಹೊತ್ತು ಕುಕ್ಕರುಗಾಲಲ್ಲಿ ಕೂತು, ಕೆಳಗೆ ಕನ್ನಡಿ ಹಿಡಿದು, ಒಮ್ಮೆ ಕೆಮ್ಮಿ ನೋಡಿ. ಉಬ್ಬು ಯೋನಿಯ ಬಾಯಿಯ ಒಳಗೇ ಇದೆಯೇ, ಬಾಯಿವರೆಗೆ ಬರುತ್ತದೆಯೇ, ಆಚೆ ಬರುತ್ತದೆಯೇ ಎಂದು ಗಮನಿಸಿ. ಡಾಕ್ಟರು ಸೊನ್ನೆಯಿಂದ ನಾಲ್ಕರವರೆಗೆ ಹಂತ ಹೇಳುವುದೂ ಇದೇ ಅಳತೆಯಿಂದ. ಯೋನಿಯ ಬಾಯಿಯ ಆಸುಪಾಸು, ಒಂದು ಸೆಂಟಿಮೀಟರ್ ಒಳಗೋ ಹೊರಗೋ ಇದ್ದರೆ ಎರಡನೆಯ ಹಂತ. ಪೂರ್ತಿ ಹೊರಗೆ ಬಂದಿದ್ದರೆ ನಾಲ್ಕನೆಯದು. ಮಕ್ಕಳಾದ ಹೆಂಗಸರಲ್ಲಿ ಒಂದನೆಯ ಹಂತದ ಸಡಿಲ ಎಷ್ಟೋ ಜನರಿಗೆ ಇರುತ್ತದೆ. ತೊಂದರೆ ಇಲ್ಲದಿದ್ದರೆ ಅದಕ್ಕೆ ಚಿಕಿತ್ಸೆಯೇ ಬೇಕಿಲ್ಲ. ಯಾವುದೋ ಕಾರಣಕ್ಕೆ ಮಾಡಿಸಿದ ತಪಾಸಣೆಯಲ್ಲಿ "ಸ್ವಲ್ಪ ಜಾರಿದೆ" ಎಂದು ಕೇಳಿ ನಿದ್ದೆ ಕಳೆದುಕೊಳ್ಳಬೇಡಿ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು ಬೇರೆ: ಮೂತ್ರ ಕಟ್ಟಿಕೊಂಡು ಹೊಟ್ಟೆ ಉಬ್ಬಿದರೆ, ಹೊರಗೆ ಬಂದದ್ದು ಒಳಗೆ ಹೋಗದೆ ಊದಿ ಬಣ್ಣ ಬದಲಾದರೆ, ಹುಣ್ಣಾಗಿ ರಕ್ತ ಅಥವಾ ಕೆಟ್ಟ ವಾಸನೆಯ ಸ್ರಾವ ಬಂದರೆ, ಜ್ವರದೊಡನೆ ಪದೇ ಪದೇ ಉರಿಮೂತ್ರವಾದರೆ. ಮುಟ್ಟು ನಿಂತವರಿಗೆ ರಕ್ತ ಕಂಡರೆ, ಅದು ಹುಣ್ಣಿನದೇ ಇರಬೇಕು ಎಂದು ನೀವೇ ತೀರ್ಮಾನಿಸಬೇಡಿ. ಗರ್ಭಕೋಶದ ಒಳಗಿನ ಕಾಯಿಲೆ ಇಲ್ಲವೆಂದು ಪರೀಕ್ಷೆಯಿಂದಲೇ ಖಚಿತವಾಗಬೇಕು. ಪೂರ್ತಿ ಹೊರಬಂದದ್ದನ್ನು ವರ್ಷಗಟ್ಟಲೆ ಹಾಗೇ ಬಿಟ್ಟರೆ ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ನಾಳ ಬಾಗಿ ಕಿಡ್ನಿಗೂ ಪೆಟ್ಟು ಬೀಳಬಹುದು.

ಹಂತ 2: ಡಾಕ್ಟರ ಬಳಿ ಹೋಗುವುದು

ಹಳ್ಳಿಯಲ್ಲಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ. ಇಂಥ ಮಾತು ಕೇಳಿ ಅವರಿಗೆ ರೂಢಿಯಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ತಜ್ಞರಿಗೆ, ಅಗತ್ಯವಿದ್ದರೆ ಜಿಲ್ಲಾ ಆಸ್ಪತ್ರೆಗೆ ಅಥವಾ ವೈದ್ಯಕೀಯ ಕಾಲೇಜಿಗೆ. ಬೆಂಗಳೂರಿನ ವಾಣಿ ವಿಲಾಸ, ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿ ಗೋಷನ್, ಹುಬ್ಬಳ್ಳಿಯ ಕಿಮ್ಸ್ ಎಂದು ಜನ ಕರೆಯುವ ಆಸ್ಪತ್ರೆ ಎಲ್ಲವೂ ಸರ್ಕಾರಿ. ಅಲ್ಲಿ ಸರತಿ ಉದ್ದ, ಜೊತೆಗೆ ಕಲಿಯುವ ವಿದ್ಯಾರ್ಥಿಗಳು ನೋಡುತ್ತಾರೆ ಎಂಬ ಮುಜುಗರ. ಆದರೆ ಇಂಥ ಆಪರೇಷನ್ ಮಾಡಿ ಪಳಗಿದ ಕೈಗಳಿರುವುದೂ ಅಂಥಲ್ಲೇ. ವಿದ್ಯಾರ್ಥಿಗಳು ಬೇಡ ಎನ್ನುವ ಹಕ್ಕು ನಿಮಗಿದೆ, ಮೆಲ್ಲಗೆ ಹೇಳಿದರೂ ಸಾಕು.

ಅಮ್ಮ ಅಥವಾ ಅತ್ತೆಯನ್ನು ಹೊರಡಿಸುವುದೇ ಕಷ್ಟದ ಕೆಲಸ. "ಈ ವಯಸ್ಸಲ್ಲಿ ಯಾಕೆ ಬಿಡು" ಎನ್ನುತ್ತಾರೆ. ಮಗನ ಎದುರಿಗೆ ಕೇಳಬೇಡಿ. ಅಡುಗೆಮನೆಯಲ್ಲಿ ನೀವಿಬ್ಬರೇ ಇದ್ದಾಗ, "ಒಂದಕ್ಕೆ ಹೋಗೋಕೆ ತೊಂದರೆ ಆಗ್ತಿದೆಯಾ ಅತ್ತೆ?" ಎಂದು ಮೂತ್ರದ ಕಡೆಯಿಂದ ಶುರು ಮಾಡಿ. ಜಾರಿದೆಯೇ ಎಂದು ನೇರ ಕೇಳಿದರೆ ಇಲ್ಲ ಎಂದೇ ಉತ್ತರ ಬರುತ್ತದೆ. ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟಿದ್ದಾರೆಯೇ, ಬಸ್ಸಿನ ಪ್ರಯಾಣ ಬೇಡವೆನ್ನುತ್ತಾರೆಯೇ, ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದಾರೆಯೇ ಎಂದು ಸುಮ್ಮನೆ ಗಮನಿಸಿದರೂ ಗೊತ್ತಾಗುತ್ತದೆ.

ಹೋಗುವ ಮೊದಲು ಮೂರು ದಿನ ಎಷ್ಟು ಸಲ ಮೂತ್ರಕ್ಕೆ ಹೋದಿರಿ, ಎಷ್ಟು ಸಲ ಸೋರಿತು ಎಂದು ಬರೆದಿಡಿ. ಹೆರಿಗೆಗಳ ವಿವರ, ಹಿಂದಿನ ಆಪರೇಷನ್, ಸಕ್ಕರೆ, ಬಿಪಿ, ಉಬ್ಬಸದ ಮಾತ್ರೆಗಳ ಚೀಟಿ ಇಟ್ಟುಕೊಳ್ಳಿ. ತಪಾಸಣೆಯಲ್ಲಿ ಮಲಗಿಸಿ, ಯೋನಿಯನ್ನು ಅಗಲಿಸುವ ಸ್ಪೆಕ್ಯುಲಂ ಎಂಬ ಸಾಧನ ಹಾಕಿ ನೋಡುತ್ತಾರೆ; ಕೆಮ್ಮಲು, ಮಲವಿಸರ್ಜನೆಗೆ ತಿಣುಕುವಂತೆ ತಿಣುಕಲು ಹೇಳುತ್ತಾರೆ. ಆಗ ಮೂತ್ರ ಸೋರಿದರೆ ನಾಚಬೇಡಿ, ಅವರಿಗೆ ಬೇಕಾದ ಮಾಹಿತಿಯೇ ಅದು. ಸರ್ಕಾರಿ ಒಪಿಡಿ ನಡೆಯುವುದು ಹೆಚ್ಚಾಗಿ ಬೆಳಿಗ್ಗೆ, ಉಬ್ಬು ಕಾಣುವುದು ಸಂಜೆ. ಮಲಗಿದಾಗ ಏನೂ ಕಾಣಲಿಲ್ಲವೆಂದರೆ "ಸಂಜೆಗೆ ಹೊರಗೆ ಬರುತ್ತೆ, ನಿಲ್ಲಿಸಿ ನೋಡಿ" ಎಂದು ಹೇಳಿ. ಮೂತ್ರ ಪರೀಕ್ಷೆ, ಮೂತ್ರ ಮಾಡಿದ ಮೇಲೆ ಎಷ್ಟು ಉಳಿದಿದೆ ಎಂಬ ಸ್ಕ್ಯಾನ್, ಗರ್ಭಕಂಠದ ಪ್ಯಾಪ್ ಪರೀಕ್ಷೆ ಸಾಮಾನ್ಯವಾಗಿ ಮಾಡಿಸುವಂಥವು.

ಹಂತ 3: ಕೆಳಸ್ನಾಯುಗಳ ವ್ಯಾಯಾಮ

ಇದನ್ನು ಚೀಟಿಯಲ್ಲಿ "ಕೀಗಲ್ಸ್" ಎಂದು ಬರೆದುಕೊಟ್ಟು ಕಳಿಸುತ್ತಾರೆ, ಹೇಗೆ ಮಾಡಬೇಕೆಂದು ತೋರಿಸುವವರು ಕಡಿಮೆ. ಹಾಗಾಗಿ ಅರ್ಧ ಜನ ಹೊಟ್ಟೆ ಬಿಗಿಹಿಡಿದು ಕೂರುತ್ತಾರೆ, ಉಪಯೋಗವಾಗಲಿಲ್ಲ ಎಂದು ಬಿಡುತ್ತಾರೆ.

ಮೊದಲು ಅಂಗಾತ ಮಲಗಿ, ಮಂಡಿ ಮಡಿಸಿ. ಗಾಳಿ ಹೊರಗೆ ಹೋಗದಂತೆ ತಡೆಯುವಾಗ ಹೇಗೆ ಬಿಗಿಯುತ್ತೀರೋ ಹಾಗೆ ಹಿಂದಿನಿಂದ ಬಿಗಿಯಿರಿ, ಆ ಬಿಗಿಯನ್ನೇ ಮುಂದಕ್ಕೆ ಮೂತ್ರದ್ವಾರದವರೆಗೆ ತಂದು ಒಳಗೆ ಮೇಲಕ್ಕೆ ಎಳೆದುಕೊಳ್ಳಿ. ತೊಡೆ, ಪಿರ್ರೆ, ಹೊಟ್ಟೆ ಸಡಿಲವಾಗಿರಲಿ. ಉಸಿರು ಎಂದಿನಂತೆ ಆಡುತ್ತಿರಲಿ. ಉಸಿರು ಕಟ್ಟಿದರೆ ಒತ್ತಡ ಕೆಳಕ್ಕೆ ಬೀಳುತ್ತದೆ, ಉಲ್ಟಾ ಕೆಲಸವಾಗುತ್ತದೆ. ಅನುಮಾನವಿದ್ದರೆ ತೊಳೆದ ಬೆರಳನ್ನು ಯೋನಿಯೊಳಗೆ ಇಟ್ಟು ನೋಡಿ. ಬೆರಳನ್ನು ಸುತ್ತ ಹಿಡಿದು ಮೇಲೆಳೆದಂತಾದರೆ ಸರಿ, ಹೊರಗೆ ತಳ್ಳಿದಂತಾದರೆ ತಪ್ಪು.

ಶುರುವಿನಲ್ಲಿ ಮೂರು ನಾಲ್ಕು ಸೆಕೆಂಡು ಹಿಡಿಯಲು ಬಂದರೆ ಸಾಕು. ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ದಿನ ಕಳೆದಂತೆ ಹತ್ತು ಸೆಕೆಂಡಿಗೆ ಏರಿಸಿ, ಹತ್ತು ಸಲ. ಆಮೇಲೆ ಹತ್ತು ಸಲ ಚುರುಕಾಗಿ ಬಿಗಿದು ಬಿಡುವುದು. ದಿನಕ್ಕೆ ಮೂರು ಹೊತ್ತು. ಮಲಗಿ ಮಾಡುವುದು ಹಿಡಿತಕ್ಕೆ ಬಂದ ಮೇಲೆ ಕೂತು, ನಂತರ ನಿಂತು. ಕೆಮ್ಮು, ಸೀನು ಬರುವ ಮುಂಚೆ ಒಮ್ಮೆ ಬಿಗಿಯುವ ಅಭ್ಯಾಸ ಮಾಡಿಕೊಂಡರೆ ಸೋರಿಕೆ ಕಡಿಮೆಯಾಗುತ್ತದೆ. ಮೂತ್ರ ಮಾಡುತ್ತಾ ಮಧ್ಯೆ ನಿಲ್ಲಿಸಿ ವ್ಯಾಯಾಮ ಮಾಡುವ ರೂಢಿ ಬೇಡ, ಮೂತ್ರ ಪೂರ್ತಿ ಹೋಗದೆ ಉಳಿಯುತ್ತದೆ.

ಎಷ್ಟು ದಿನ? ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಹೊರಡಿಸುವ ನೈಸ್ ಸಂಸ್ಥೆಯ 2019ರ ಮಾರ್ಗಸೂಚಿ, ಜಾರುವಿಕೆ ಒಂದು ಅಥವಾ ಎರಡನೆಯ ಹಂತದಲ್ಲಿರುವವರಿಗೆ ತರಬೇತಿ ಪಡೆದವರ ಕೈಕೆಳಗೆ ಕಡಿಮೆ ಎಂದರೂ 16 ವಾರ ಮಾಡಿಸಿ ನೋಡಿ ಎನ್ನುತ್ತದೆ. ನಾಲ್ಕು ತಿಂಗಳು! ಎರಡು ವಾರಕ್ಕೆ ಫಲ ಕಾಣದೆಂದು ಕೈಬಿಡುವವರು ಇದನ್ನು ನೆನಪಿಡಬೇಕು. ಬೆಂಗಳೂರು, ಮಂಗಳೂರು, ಮಣಿಪಾಲದಂಥ ಕಡೆ ದೊಡ್ಡ ಆಸ್ಪತ್ರೆಗಳಲ್ಲಿ ಇದನ್ನೇ ಕಲಿಸುವ ಫಿಸಿಯೋಥೆರಪಿಸ್ಟ್‌ಗಳ ಬಗ್ಗೆ ವಿಚಾರಿಸಿ. ಒಂದೆರಡು ಭೇಟಿಯಲ್ಲಿ ಸರಿಯಾದ ರೀತಿ ಗೊತ್ತಾದರೂ ದೊಡ್ಡ ಲಾಭ. ಪೂರ್ತಿ ಹೊರಬಂದ ಗರ್ಭಕೋಶವನ್ನು ವ್ಯಾಯಾಮ ಒಳಗೆ ತರಲಾರದು. ಅದರ ಆಸೆ ಇಟ್ಟುಕೊಳ್ಳಬೇಡಿ.

ಬಾಣಂತಿಯರಿಗೆ ಒಂದು ಮಾತು. ಹೊಟ್ಟೆಗೆ ಸೀರೆ ಬಿಗಿದು ಕಟ್ಟಿದರೆ ಗರ್ಭಕೋಶ ಮೇಲೆ ನಿಲ್ಲುತ್ತದೆ ಎಂಬ ನಂಬಿಕೆ ಮನೆಮನೆಯಲ್ಲೂ ಇದೆ. ಬಟ್ಟೆಯಿಂದ ಕೆಳಸ್ನಾಯುಗಳು ಬಲವಾಗುವುದಿಲ್ಲ. ಬಾಣಂತನದ ನಿಜವಾದ ಉಪಕಾರ ಎಂದರೆ ಭಾರ ಎತ್ತಿಸದೆ ವಿಶ್ರಾಂತಿ ಕೊಡುವುದು. ಅಮ್ಮಂದಿರ ಆ ಮಾತನ್ನು ಅಕ್ಷರಶಃ ಪಾಲಿಸಿ. ಹೆರಿಗೆಯ ನಂತರ ಮೊದಲ ತಿಂಗಳುಗಳಲ್ಲಿ ಕಂಡ ಸಡಿಲ ಎಷ್ಟೋ ಮಟ್ಟಿಗೆ ತಾನಾಗಿ ಸುಧಾರಿಸುತ್ತದೆ.

ಹಂತ 4: ದಿನದ ಕೆಲಸದಲ್ಲಿ ಬದಲಾವಣೆ

ಮಲಬದ್ಧತೆಯನ್ನು ಬಿಡಿಸಿಕೊಳ್ಳದೆ ಬೇರೇನು ಮಾಡಿದರೂ ಪ್ರಯೋಜನ ಕಡಿಮೆ. ದಿನವೂ ತಿಣುಕುವುದೆಂದರೆ ದಿನವೂ ಆಸರೆಯನ್ನು ಕೆಳಕ್ಕೆ ಒತ್ತಿದಂತೆ. ರಾಗಿ, ಸೊಪ್ಪು, ಹುರುಳಿ, ಪಪ್ಪಾಯಿ, ಸಾಕಷ್ಟು ನೀರು. ಸಾಲದಿದ್ದರೆ ರಾತ್ರಿ ಇಸಬ್‌ಗೋಲ್. ಕಮೋಡಿನಲ್ಲಿ ಕೂರುವವರು ಕಾಲ ಕೆಳಗೆ ಸಣ್ಣ ಮಣೆ ಇಟ್ಟುಕೊಂಡು ಮುಂದಕ್ಕೆ ಬಾಗಿದರೆ ಸಲೀಸು. ಸೋರುತ್ತದೆಂದು ನೀರು ಕುಡಿಯುವುದನ್ನೇ ಬಿಟ್ಟರೆ ಮಲವೂ ಗಟ್ಟಿ, ಮೂತ್ರದ ಸೋಂಕೂ ಗಂಟುಬೀಳುತ್ತದೆ.

ಭಾರ ಎತ್ತಬೇಡಿ ಎಂದು ಹೇಳುವುದು ಸುಲಭ, ನಲ್ಲಿ ಬೀದಿಯ ತುದಿಯಲ್ಲಿರುವ ಮನೆಯವರಿಗೆ ಅದನ್ನು ಪಾಲಿಸುವುದು ಕಷ್ಟ. ತುಂಬಿದ ಬಿಂದಿಗೆಯ ಬದಲು ಅರ್ಧ ಕೊಡ ಎರಡು ಸಲ ತನ್ನಿ. ನೆಲದಿಂದ ಎತ್ತುವಾಗ ಮಂಡಿ ಬಗ್ಗಿಸಿ, ವಸ್ತುವನ್ನು ಮೈಗೆ ಹತ್ತಿರ ಹಿಡಿದು, ಕೆಳಗೆ ಬಿಗಿದು, ಉಸಿರು ಬಿಡುತ್ತಾ ಎತ್ತಿ. ಒಲೆಯ ಹೊಗೆ, ಬೀಡಿ, ಅಸ್ತಮಾದಿಂದ ಕೆಮ್ಮಿದ್ದರೆ ಅದರ ಚಿಕಿತ್ಸೆಯೂ ಈ ಚಿಕಿತ್ಸೆಯ ಭಾಗವೇ. ಮಧ್ಯಾಹ್ನ ಅರ್ಧ ಗಂಟೆ ಸೊಂಟದ ಕೆಳಗೆ ದಿಂಬಿಟ್ಟು ಮಲಗಿದರೆ ಸಂಜೆಯ ಜಗ್ಗಾಟ ತಗ್ಗುತ್ತದೆ. ಅದನ್ನು ಸೋಮಾರಿತನ ಎನ್ನುವವರಿದ್ದರೆ ಡಾಕ್ಟರು ಬರೆದುಕೊಟ್ಟಿದ್ದಾರೆ ಎನ್ನಿ.

ಗಂಡ ಹೆಂಡತಿ ಕೂಡುವುದರಿಂದ ಇದು ಹೆಚ್ಚಾಗುವುದಿಲ್ಲ, ಗಂಡನಿಗೂ ಏನೂ ಆಗುವುದಿಲ್ಲ. ಹೊರಬಂದದ್ದನ್ನು ಮಲಗಿ ಮೆಲ್ಲಗೆ ಒಳಗೆ ತಳ್ಳಿಕೊಳ್ಳಬಹುದು. ಆದರೆ ಯೋನಿಯೊಳಗೆ ಪಟಿಕ (ಆಲಂ), ನಾರುಬೇರು, ಬಟ್ಟೆಯುಂಡೆ ಇಡುವುದನ್ನು ಯಾರು ಹೇಳಿದರೂ ಮಾಡಬೇಡಿ. ಸುಟ್ಟಗಾಯ, ಸೋಂಕು ಬಿಟ್ಟರೆ ಅದರಿಂದ ಸಿಗುವುದು ಏನೂ ಇಲ್ಲ.

ಹಂತ 5: ಪೆಸರಿ

ನಮ್ಮಲ್ಲಿ ಬಹಳ ಹೆಂಗಸರಿಗೆ ಈ ದಾರಿ ಇದೆಯೆಂದೇ ಗೊತ್ತಿಲ್ಲ. ಪೆಸರಿ ಎಂದರೆ ಯೋನಿಯೊಳಗೆ ಕೂರಿಸುವ, ಸಿಲಿಕೋನ್‌ನಿಂದ ಮಾಡಿದ ಸಾಧನ. ಜಾರಿದ ಅಂಗವನ್ನು ಅದು ಒಳಗೇ ಎತ್ತಿ ಹಿಡಿಯುತ್ತದೆ. ಹೆಚ್ಚು ಬಳಕೆಯದು ಉಂಗುರದಾಕಾರದ ರಿಂಗ್ ಪೆಸರಿ. ಹೆಚ್ಚು ಜಾರಿದವರಿಗೆ ಗೆಲ್‌ಹಾರ್ನ್ ಎಂಬುದು. ಇನ್ನೂ ಮಗು ಬೇಕಿರುವವರಿಗೆ, ಹೃದಯದ ತೊಂದರೆಯಿಂದ ಅರಿವಳಿಕೆ ಕೊಡಲಾಗದವರಿಗೆ, ಆಪರೇಷನ್‌ಗೆ ಕಾಯುತ್ತಿರುವವರಿಗೆ, ಆಪರೇಷನ್ ಬೇಡವೇ ಬೇಡ ಎನ್ನುವವರಿಗೆ ಇದು ಒಳ್ಳೆಯ ಆಯ್ಕೆ. ನನ್ನ ಮಟ್ಟಿಗೆ ಆಪರೇಷನ್‌ನ ದಿನ ಗೊತ್ತುಮಾಡುವ ಮುಂಚೆ ಪೆಸರಿಯ ಮಾತು ಬಾರದಿದ್ದರೆ, ನೀವೇ ಎತ್ತಬೇಕು.

ಅಳತೆ ಸರಿಹೋಗಲು ಎರಡು ಮೂರು ಸಲ ಬದಲಿಸಿ ನೋಡಬೇಕಾಗಬಹುದು. ಹಾಕಿದ ಮೇಲೆ ಅಲ್ಲೇ ಓಡಾಡಿ, ಕೂತೆದ್ದು, ಕೆಮ್ಮಿ, ಮೂತ್ರ ಮಾಡಿ ನೋಡಿ. ಸರಿಯಾದ ಅಳತೆಯದು ಒಳಗಿದೆ ಎಂಬುದೇ ತಿಳಿಯಬಾರದು. ನೋವಾದರೆ ದೊಡ್ಡದಾಯಿತು, ಜಾರಿ ಬಿದ್ದರೆ ಚಿಕ್ಕದಾಯಿತು. ರಿಂಗ್ ಅನ್ನು ತೆಗೆದು, ತೊಳೆದು, ಹಾಕಿಕೊಳ್ಳುವುದನ್ನು ಹೆಚ್ಚಿನವರು ಕಲಿಯಬಲ್ಲರು. ಸೋಪು, ನೀರು ಸಾಕು. ರಿಂಗ್ ಇದ್ದಾಗಲೂ ಸಂಭೋಗ ಸಾಧ್ಯ, ಗೆಲ್‌ಹಾರ್ನ್ ಇದ್ದರೆ ತೆಗೆಯಬೇಕು. ಮುಟ್ಟು ನಿಂತವರಿಗೆ ಒಳಗೆ ಒಣಗಿ ಉಜ್ಜಿ ಹುಣ್ಣಾಗದಂತೆ ಈಸ್ಟ್ರೋಜನ್ ಕ್ರೀಮನ್ನು ಡಾಕ್ಟರು ಬರೆದುಕೊಡುತ್ತಾರೆ. ಸ್ತನ ಕ್ಯಾನ್ಸರ್ ಆಗಿದ್ದವರು ಅದನ್ನು ಮೊದಲೇ ತಿಳಿಸಬೇಕು.

ಒಂದು ಕಟ್ಟುನಿಟ್ಟು: ಪೆಸರಿ ಹಾಕಿಸಿ ಮರೆಯುವಂತಿಲ್ಲ. ಮೂರರಿಂದ ಆರು ತಿಂಗಳಿಗೊಮ್ಮೆ ತೋರಿಸಬೇಕು. ವರ್ಷಗಟ್ಟಲೆ ಒಳಗೇ ಉಳಿದ ಪೆಸರಿ ಮಾಂಸದೊಳಗೆ ಹೂತು, ಮೂತ್ರಕೋಶಕ್ಕೋ ಗುದನಾಳಕ್ಕೋ ತೂತು ಮಾಡಿದ್ದುಂಟು. ಅಜ್ಜಿಗೆ ಹಾಕಿಸಿದ್ದರೆ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮನೆಯಲ್ಲಿ ಇನ್ನೊಬ್ಬರಿಗಾದರೂ ಗೊತ್ತಿರಲಿ.

ಹಂತ 6: ಆಪರೇಷನ್ ಬೇಕೆಂದಾದರೆ

ತೊಂದರೆ ಹೆಚ್ಚಿದ್ದು, ಮೇಲಿನವು ಸಾಲದಿದ್ದರೆ ಆಪರೇಷನ್ ಸರಿಯಾದ ದಾರಿಯೇ. ನಮ್ಮಲ್ಲಿ ಹೆಚ್ಚು ನಡೆಯುವುದು ಯೋನಿಯ ಮೂಲಕ ಗರ್ಭಕೋಶ ತೆಗೆದು, ಮುಂಗೋಡೆ ಹಿಂಗೋಡೆಗಳನ್ನು ಹೊಲಿದು ಬಿಗಿಗೊಳಿಸುವುದು. ಹೊಟ್ಟೆಯ ಮೇಲೆ ಗಾಯವಿಲ್ಲ. ಮುಟ್ಟು ನಿಂತು, ಬಹಳ ಜಾರಿರುವವರಿಗೆ ಇದು ನ್ಯಾಯವಾದದ್ದೇ. ಆದರೆ ಇದೊಂದೇ ಅಲ್ಲ.

ಗರ್ಭಕೋಶವನ್ನು ಉಳಿಸಿ ಮೇಲಕ್ಕೆ ಕಟ್ಟುವ ಆಪರೇಷನ್‌ಗಳಿವೆ. ಉದ್ದವಾದ ಗರ್ಭಕಂಠವನ್ನಷ್ಟೇ ಕತ್ತರಿಸಿ ತಂತುಗಳನ್ನು ಗಿಡ್ಡ ಮಾಡುವ ಮ್ಯಾಂಚೆಸ್ಟರ್ ವಿಧಾನ. ಸೊಂಟದ ಹಿಂಭಾಗದ ಗಟ್ಟಿ ತಂತುವಿಗೆ ಹೊಲಿಯುವ ಸ್ಯಾಕ್ರೋಸ್ಪೈನಸ್ ವಿಧಾನ. ಹೊಟ್ಟೆಯ ಮೂಲಕ ಅಥವಾ ಲ್ಯಾಪ್ರೋಸ್ಕೋಪಿಯಿಂದ ಬೆನ್ನೆಲುಬಿನ ಕೆಳಭಾಗಕ್ಕೆ ಕಟ್ಟುವ ವಿಧಾನ. ಚಿಕ್ಕ ವಯಸ್ಸಿನವರಿಗಾಗಿ ಪಟ್ಟಿ ಹಾಕಿ ಗರ್ಭಕೋಶ ಎತ್ತಿಕಟ್ಟುವ ಸ್ಲಿಂಗ್ ಆಪರೇಷನ್‌ಗಳಲ್ಲಿ ನಮ್ಮ ದೇಶದ ಡಾಕ್ಟರುಗಳದೇ ದೊಡ್ಡ ಹೆಸರು: ಶಿರೋಡ್ಕರ್, ಪುರಂದರೆ, ಖನ್ನಾ. ಗೋವಾದ ಶಿರೋಡಾದಲ್ಲಿ 1899ರಲ್ಲಿ ಹುಟ್ಟಿದ ವಿ. ಎನ್. ಶಿರೋಡ್ಕರ್ ಶಾಲೆ ಕಲಿತದ್ದು ನಮ್ಮ ಹುಬ್ಬಳ್ಳಿಯಲ್ಲಿ. ಹೀಗೆ ಉಳಿಸುವ ದಾರಿ ನಮ್ಮವರೇ ಹುಡುಕಿಟ್ಟಿರುವಾಗ, ಮೂವತ್ತರ ಹೆಣ್ಣಿಗೆ "ಮಕ್ಕಳಾದವಲ್ಲ, ತೆಗೆಸಿಬಿಡಿ" ಎನ್ನುವುದು ನನಗೆ ಸರಿಕಾಣುವುದಿಲ್ಲ. ತೀರಾ ವಯಸ್ಸಾಗಿ, ಸಂಭೋಗದ ಪ್ರಶ್ನೆ ಇಲ್ಲದವರಿಗೆ ಯೋನಿಯನ್ನು ಒಳಗಿನಿಂದ ಮುಚ್ಚಿಬಿಡುವ ಚಿಕ್ಕ ಆಪರೇಷನ್ ಇದೆ. ಮತ್ತೆ ಜಾರುವುದು ಅಪರೂಪ.

ಯೋನಿಯ ಮೂಲಕ ಕೂರಿಸುವ ಜಾಲರಿ, ಅಂದರೆ ಮೆಶ್, ವಿಷಯದಲ್ಲಿ ಎಚ್ಚರ. ನೋವು, ಜಾಲರಿ ಕೊರೆದು ಹೊರಬರುವ ದೂರುಗಳು ಹೆಚ್ಚಿ, 2019ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಜಾರುವಿಕೆಗಾಗಿ ಅವುಗಳ ಮಾರಾಟವನ್ನೇ ನಿಲ್ಲಿಸಿತು. ಹೊಟ್ಟೆಯ ಕಡೆಯಿಂದ ಹಾಕುವ ಮೆಶ್ ಬೇರೆ, ಅದು ಬಳಕೆಯಲ್ಲಿದೆ.

ಸಹಿ ಹಾಕುವ ಮುಂಚೆ ಕೇಳಿ: ಗರ್ಭಕೋಶ ತೆಗೆಯಲೇಬೇಕೇ, ಉಳಿಸಿದರೆ ಏನು? ಅಂಡಾಶಯ ಉಳಿಯುತ್ತದೆಯೇ? ಮುಟ್ಟು ನಿಲ್ಲುವ ಮುಂಚೆ ಅಂಡಾಶಯ ತೆಗೆದರೆ ಮೂಳೆಗೂ ಹೃದಯಕ್ಕೂ ತೊಂದರೆ. ಆಪರೇಷನ್ ಆದಮೇಲೆ ಮೂತ್ರ ಸೋರಬಹುದೇ? ಇದು ಮುಖ್ಯ, ಏಕೆಂದರೆ ಜಾರಿದ ಅಂಗ ಮೂತ್ರ ಹೊರಹೋಗುವ ನಾಳವನ್ನು ಬಾಗಿಸಿದ್ದರಿಂದಲೇ ಕೆಲವರಿಗೆ ಸೋರಿರುವುದಿಲ್ಲ. ಸರಿಪಡಿಸಿದ ಮೇಲೆ ಸೋರಿಕೆ ಶುರುವಾಗುತ್ತದೆ. ಮತ್ತೆ ಜಾರುವ ಸಂಭವವೆಷ್ಟು? ಯಾವ ಆಪರೇಷನ್‌ಗೂ ನೂರಕ್ಕೆ ನೂರು ಖಾತರಿ ಇಲ್ಲ, ಇದೆ ಎನ್ನುವವರನ್ನು ನಂಬಬೇಡಿ.

ಬಿಳಿಸೆರಗು, ಬೆನ್ನುನೋವು, ಅಥವಾ "ಮುಂದೆ ಕ್ಯಾನ್ಸರ್ ಆಗಬಹುದು" ಎಂಬ ಮಾತಿಗೆ ಗರ್ಭಕೋಶ ತೆಗೆಸಿಕೊಳ್ಳಬೇಡಿ. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳು ಹೀಗೆ ವಿನಾಕಾರಣ ಗರ್ಭಕೋಶ ಕಳೆದುಕೊಂಡು 2015ರ ಸುಮಾರಿಗೆ ಬೀದಿಗಿಳಿದು ಕೇಳಬೇಕಾಯಿತು. ಅನವಶ್ಯಕ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ರಾಜ್ಯಗಳು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿದೆ. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳುವುದು ಮೊದಲಿನವರಿಗೆ ಮಾಡುವ ಅವಮಾನವಲ್ಲ.

ಹುಣ್ಣಾಗಿದ್ದರೆ ಮೊದಲು ಅದು ಮಾಯಬೇಕು. ಒಳಗೆ ತಳ್ಳಿ ಗ್ಲಿಸರಿನ್ ಅಕ್ರಿಫ್ಲೇವಿನ್ ಎಂಬ ಔಷಧಿಯಲ್ಲಿ ಅದ್ದಿದ ಬಟ್ಟೆ ಇಟ್ಟು ಕೆಲವು ದಿನ ಮಲಗಿಸುತ್ತಾರೆ. ಸೀರೆಗೆ ಹತ್ತುವ ಹಳದಿ ಬಣ್ಣ ಅದರದೇ, ಕೀವೆಂದು ಹೆದರಬೇಡಿ. ರಕ್ತಹೀನತೆ, ಸಕ್ಕರೆ ಹತೋಟಿಗೆ ಬರುವವರೆಗೂ ಕಾಯಿಸಿದರೆ ಅದು ನಿಮ್ಮ ಒಳ್ಳೆಯದಕ್ಕೇ.

ಹಂತ 7: ಖರ್ಚು

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಎಂಬ ಸರ್ಕಾರಿ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದವರೆಗೆ. ಆಧಾರ್, ರೇಷನ್ ಕಾರ್ಡ್ ಎರಡನ್ನೂ ಒಯ್ಯಿರಿ, ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಮೊದಲೇ ಕಾಣಿ. ನೇರ ಖಾಸಗಿ ಆಸ್ಪತ್ರೆಗೆ ಹೋದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಇಲ್ಲವೆಂದು ತಿರುಗಿಸಬಹುದು, ಹಾಗಾಗಿ ಸರ್ಕಾರಿಯಿಂದಲೇ ಶುರು ಮಾಡುವುದು ಜಾಣತನ. ಗಾರ್ಮೆಂಟ್ಸ್‌ನಲ್ಲಿ ದುಡಿಯುವವರಿಗೆ ಇಎಸ್‌ಐ ಇದೆ, ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಯೋಜನೆ.

ಹಂತ 8: ಮನೆಗೆ ಬಂದ ಮೇಲೆ

ಒಳಗಿಟ್ಟ ಬಟ್ಟೆ, ಮೂತ್ರದ ನಳಿಕೆಯನ್ನು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತೆಗೆಯುತ್ತಾರೆ. ಕೆಲವು ವಾರ ಕಂದು ಅಥವಾ ಹಳದಿ ಸ್ರಾವ, ಕರಗಿದ ಹೊಲಿಗೆಯ ಚೂರು ಬರುವುದು ಸಹಜ. ಧಾರಾಳ ರಕ್ತ, ಜ್ವರ, ದುರ್ವಾಸನೆ, ಮೂತ್ರ ಕಟ್ಟುವುದು, ಒಂದು ಮೀನಖಂಡ ಊದಿ ನೋಯುವುದು, ಉಸಿರು ಕಟ್ಟುವುದು ಸಹಜವಲ್ಲ. ಕೂಡಲೇ ಹೋಗಿ.

ಆರು ವಾರ ಭಾರ ಬೇಡ, ಸಂಭೋಗ ಬೇಡ. ಹದಿನೈದು ಲೀಟರಿನ ಬಿಂದಿಗೆ ತುಂಬಿದರೆ ಹದಿನೈದು ಕಿಲೋ ದಾಟುತ್ತದೆ. ಕುಕ್ಕರು, ಮೊಮ್ಮಗು, ಒದ್ದೆ ಬಟ್ಟೆಯ ಬಕೆಟ್ ಎಲ್ಲವೂ ಭಾರವೇ. ಮೂರು ತಿಂಗಳವರೆಗೂ ಹೊಲದ ಕೆಲಸ ಬೇಡ. ಶೌಚಕ್ಕೆ ಕುಕ್ಕರುಗಾಲಲ್ಲಿ ಕೂರುವ ಮನೆಯಾದರೆ ಆಪರೇಷನ್‌ಗೆ ಮುಂಚೆಯೇ ಕಮೋಡ್ ಕುರ್ಚಿ ತಂದಿಡಿ. ಮಲ ಮೆತ್ತಗಿರಲು ಔಷಧಿ ಬರೆಸಿಕೊಳ್ಳಿ. ನಡೆದಾಡುವುದು ಮಾತ್ರ ಮೊದಲ ದಿನಗಳಿಂದಲೇ ಬೇಕು, ಹಾಸಿಗೆ ಹಿಡಿದು ಮಲಗಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ಎರಡನೆಯ ವಾರಕ್ಕೆ ನೋವು ಇಳಿದು ಮೈ ಹಗುರವಾಗುತ್ತದೆ, ಹೆಂಗಸರು ಪೊರಕೆ ಹಿಡಿಯುವುದು ಆಗಲೇ. ಆ ವಾರ ಮನೆಗೆ ಯಾರನ್ನಾದರೂ ಕರೆಸಿಕೊಳ್ಳಿ. ಆರು ವಾರದ ತಪಾಸಣೆಯಲ್ಲಿ ಒಳಗೆ ಮಾಗಿದೆ ಎಂದು ಡಾಕ್ಟರು ಹೇಳಿದ ಮೇಲೆ, ಮೇಲೆ ಹಂತ 3ರಲ್ಲಿ ಹೇಳಿದ ವ್ಯಾಯಾಮವನ್ನು ಮತ್ತೆ ಮೂರು ನಾಲ್ಕು ಸೆಕೆಂಡಿನಿಂದ ಶುರು ಮಾಡಿ.